ಶೂ ತಟ್ಟದ ಬೆಳಿಗ್ಗೆ

“ಶೂ ಬೋರಲು ಹಾಕ್ರೋ! ತಟ್ಟಿ! ಈಗ ಒಳಗೆ ಕೈ ಹಾಕಿ ನೋಡಿ!”

ಮಕ್ಕಳ ಆಸ್ಪತ್ರೆಯ ಆಟದ ಕೋಣೆಯಲ್ಲಿ ದಿನವೂ ಟೀಚರ್ ಹೇಳಿಕೊಡುವ ಮೊದಲ ಪಾಠ ಇದೇ. ಆ ಮಕ್ಕಳಿಗೆ ಹುಟ್ಟುವಾಗಲೇ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಒಳಗಿನ ನರಗಳು ಸೋತು ಕಾಲಿಗೆ ಬಲ ಕಡಿಮೆ, ಪಾದಕ್ಕೆ ಸ್ಪರ್ಶವೇ ಇಲ್ಲ. ಶೂನೊಳಗೆ ಕಲ್ಲು ಸೇರಿಕೊಂಡರೂ ಗೊತ್ತಾಗುವುದು ಗಾಯವಾದ ಮೇಲೆ. ಟೀಚರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳೂ ಹಾಗೇ ಹುಟ್ಟಿದವಳು.

ಬಾಗಿಲಲ್ಲಿ ನಿಂತು ನಗುತ್ತಿದ್ದವನು ಕ್ಯಾಲಿಪರ್ ಮಾಡುವವನು. ಕಾಲಿಗೆ ಆಧಾರವಾಗುವ ಪಟ್ಟಿ, ಬೆಲ್ಟು, ಶೂ ಎಲ್ಲ ಅವನದೇ ಕೈಕೆಲಸ. ಜೇಬಿನಲ್ಲಿ ಸದಾ ಸ್ಕ್ರೂಡ್ರೈವರ್ ಇರುವುದರಿಂದ ಮಕ್ಕಳಿಗೆ ಅವನು ಸ್ಕ್ರೂ ಮಾಮ.

“ಟೀಚರ್, ನಿಮ್ಮ ಎಡಗಾಲಿನ ಸ್ಕ್ರೂ ಸಡಿಲ ಆಗಿದೆ.”

“ನಿಮ್ಮ ತಲೇದು ಆಗಿಲ್ವಾ?”

“ಅದನ್ನ ನೀವೇ ಟೈಟ್ ಮಾಡ್ಬೇಕು.”

ನಗು ತಡೆಯಲು ಅವಳು ತುಟಿ ಕಚ್ಚಿಕೊಂಡಳು. ಅವನು ಅದನ್ನು ನೋಡಿಬಿಟ್ಟ. ಅವನು ನೋಡಿದ್ದನ್ನು ಅವಳೂ ನೋಡಿದಳು. ಹೀಗೆಯೇ ಒಂದು ವರ್ಷ ಕಳೆದಿತ್ತು. ಬಾಯಿ ಬಿಟ್ಟು ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

ಅವನು ಶೂ ಬಿಚ್ಚಿಸಿಕೊಂಡು ಹೋಗಿ, ಸರಿಮಾಡಿ ತಂದುಕೊಟ್ಟ. ಅದರೊಳಗೆ ಒಂದು ಉಂಗುರ ಇಟ್ಟಿದ್ದ. ತಟ್ಟದೆ ಶೂ ಹಾಕುವವಳಲ್ಲ ಇವಳು. ತಟ್ಟಿದರೆ ಉಂಗುರ ಮಡಿಲಿಗೆ ಬೀಳುತ್ತದೆ, ತಾನು ಬಾಯಿ ಬಿಡುವುದೇ ಬೇಡ ಎಂಬುದು ಮಹಾರಾಯನ ಲೆಕ್ಕಾಚಾರ. ಅಷ್ಟರಲ್ಲಿ ವರ್ಕ್‌ಶಾಪಿನಿಂದ ಕರೆ ಬಂತು, ಓಡಿದ.

ಮಧ್ಯಾಹ್ನ ಕಾರಿಡಾರಿನಲ್ಲಿ ಎದುರಾದಾಗ ಅವಳ ಬೆರಳು ಬರಿದಾಗಿತ್ತು.

“ಊಟ ಆಯ್ತಾ?” ಎಂದಳು, ಎಂದಿನಂತೆ ನಗುತ್ತ.

“ಹಸಿವಿಲ್ಲ.”

ಒಪ್ಪಿಗೆಯಿಲ್ಲ ಎನ್ನುವುದನ್ನೂ ಎಷ್ಟು ನಯವಾಗಿ ಹೇಳುತ್ತಾಳಲ್ಲ ಎಂದುಕೊಂಡು ಮುಖ ಊದಿಸಿಕೊಂಡು ಹೋದ.

ಸಂಜೆ ಟೀಚರ್ ಶೂ ಬಿಚ್ಚಿದಾಗ ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಗುಬ್ಬಿ ಕಿರುಚಿದಳು. “ಟೀಚರ್, ರಕ್ತ!”

ಸಾಕ್ಸನ್ನೂ ಹರಿದು ಹಿಮ್ಮಡಿಯೊಳಗೆ ಉಂಗುರ ಹೂತುಹೋಗಿತ್ತು. ಕೂಗು ಕೇಳಿ ಓಡಿಬಂದವನ ಮುಖ ಬಿಳಿಚಿಕೊಂಡಿತು.

“ನಂದು,” ಎಂದ. “ನಾನೇ ಇಟ್ಟಿದ್ದು.”

“ಬೇರೆ ಯಾರಾದ್ರೂ ಆಗಿದ್ರೆ ಗೊತ್ತಿಲ್ದೆ ಮಾಡಿದ್ರು ಅಂದ್ಕೋತಿದ್ದೆ.” ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು. “ನೀವು ಹೀಗೆ ಮಾಡೋದಾ?”

ಗಾಯ ಎಲುಬಿಗೆ ಇಳಿದರೆ ನಡಿಗೆಯೇ ಕೈತಪ್ಪೀತು, ಮಾಗುವವರೆಗೆ ಕಾಲು ನೆಲಕ್ಕೆ ಊರಬಾರದು ಎಂದರು ಡಾಕ್ಟರು. ಹಾಸಿಗೆಯಿಂದಲೇ ಅವಳ ಪಾಠ ನಡೆಯಿತು. ಅವನು ದಿನವೂ ವಾರ್ಡಿನ ಬಾಗಿಲ ತನಕ ಬರುವನು, ನರ್ಸನ್ನು ಕೇಳುವನು, ಹಾಗೇ ಹಿಂದಿರುಗುವನು. ಅವಳು ನೋಡದವಳಂತೆ ಗೋಡೆಗೆ ತಿರುಗುತ್ತಿದ್ದಳು. ಅವನು ಹೋದ ಮೇಲೆ ಮಾತ್ರ ಬಾಗಿಲನ್ನೇ ನೋಡುತ್ತಿದ್ದಳು.

ಅಂತೂ ಗಾಯ ಮಾಗಿತು. ಅವನು ಹೊಸ ಶೂ ತಂದ. ಅವಳೆದುರೇ ಬೋರಲು ಹಾಕಿ ತಟ್ಟಿ, ಒಳಗೆ ಬೆರಳಾಡಿಸಿ, “ನೀವೂ ನೋಡಿ” ಎಂದು ಮುಂದೆ ಚಾಚಿದ.

“ಕ್ಷಮಿಸಿ ಅಂತ ಕೇಳೋಕೂ ನಂಗೆ ಮುಖ ಇಲ್ಲ.”

“ದಿನಾ ತಟ್ಟೋಳು ಅವತ್ತು ಯಾಕೆ ತಟ್ಟಲಿಲ್ಲ ಅಂತ ನೀವು ಕೇಳಲೇ ಇಲ್ವಲ್ಲ?”

ಅವನು ತಲೆ ಎತ್ತಿದ.

“ನಿಮ್ಮ ಕೈಯಿಂದ ಬಂದಿತ್ತು, ಅದಕ್ಕೆ. ಬುದ್ಧಿ ಬಂದಾಗಿಂದ ಅದೊಂದೇ ದಿನ ನಾನು ನೋಡದೆ ಕಾಲಿಟ್ಟಿದ್ದು.”

ಅವನ ಕಣ್ಣು ತುಂಬಿತು.

“ಅಳ್ಬೇಡಿ. ಅವತ್ತಿನ ಮಾತು ಬಾಯಲ್ಲಿ ಹೇಳಿ. ನನ್ನ ಕಾಲಿಗೆ ಹೇಳಿದ್ರೆ ಕೇಳಿಸಲ್ಲ.”

“ನೀವಂದ್ರೆ ನಂಗೆ ಪ್ರಾಣ. ಮದ್ವೆ ಆಗ್ತೀರಾ?”

ಅವಳು ಕೈ ಮುಂದೆ ಮಾಡಿದಳು. “ಕೈಗೆ ಕೊಡೋದನ್ನ ಕೈಗೇ ಕೊಡ್ಬೇಕು ರೀ. ಇಲ್ಲಿ ನಂಗೆ ಎಲ್ಲಾ ಗೊತ್ತಾಗತ್ತೆ.”

ಅವನು ಜೇಬಿನಿಂದ ಉಂಗುರ ತೆಗೆದ.

“ಸ್ಕ್ರೂ ಮಾಮ!” ಪಕ್ಕದ ಹಾಸಿಗೆಯಿಂದ ಗುಬ್ಬಿ ಗದರಿದಳು. “ಮೊದ್ಲು ತಟ್ಟಿ ನೋಡಿ!”

ಅವನು ಉಂಗುರವನ್ನು ಅಂಗೈ ಮೇಲೆ ತಟ್ಟಿದ, ಊದಿದ, ಬೆಳಕಿಗೆ ಹಿಡಿದು ನೋಡಿದ. ಆಮೇಲೆ ತೊಡಿಸಿದ. ಅದು ತಣ್ಣಗಿತ್ತು, ತುಸು ಬಿಗಿಯಾಗಿಯೂ ಇತ್ತು. ಅವಳಿಗೆ ಎರಡೂ ಗೊತ್ತಾಯಿತು.