ಗದ್ದಿಗೆಯ ಕಂಬಳಿ

"ನನ್ನ ಮದುವಿ ಗದ್ದಿಗಿಗೆ ಕಂಬಳಿ ಬೇಕು. ನೀ ನೇಯ್ತಿಯೋ, ಪುಷ್ಪಲತಾಗ ಕೊಡ್ಲೋ?"

ಉಣ್ಣೆ ನೂಲಿನ ಚೀಲವನ್ನು ಹೊಸ್ತಿಲಲ್ಲಿ ಇಳಿಸಿ ಬೀರಲಿಂಗೇಶ್ ಕೇಳಿದಾಗ ಹಾಲಮ್ಮ ಆ ಚೀಲವನ್ನೇ ನೋಡಿದಳು. ಸೋದರತ್ತೆಯ ಮಗ, ಚಿಕ್ಕಂದಿನಿಂದ 'ಮಾವ' ಎಂದು ಕರೆದವನು... ಅವನಿಗೆ ಮದುವೆಯಂತೆ. ವಧೂವರರು ಕೂರುವ ಕರಿ ಕಂಬಳಿಯನ್ನು ಇವಳೇ ನೇಯಬೇಕಂತೆ!

"ಹೆಣ್ಣು ಯಾರು?"

"ಇನ್ನೂ ಕೇಳಿಲ್ಲ. ಮೊದ್ಲು ಕಂಬಳಿ ಆಗ್ಲಿ."

ಕೇಳುವುದೇನು ಬಂತು, ಮೈಲಾರದ ಓಣಿಗೆಲ್ಲ ಗೊತ್ತಿತ್ತು. ಸಂಜೆಯಾದರೆ ಸಾಕು, ಕುರಿಗಳನ್ನು ದೊಡ್ಡಿಗೆ ಹೊಡೆದು ಅವನು ಪುಷ್ಪಲತಾಳ ಮನೆಯ ಕಟ್ಟೆಯ ಮೇಲಿರುತ್ತಿದ್ದ. ಅವಳ ಕೈ ಚುರುಕು, ಮಗ್ಗ ಒಂದು ದಿನವೂ ನಿಂತಿದ್ದಿಲ್ಲ. ಅವಳ ನಗು ಇಲ್ಲಿಯವರೆಗೂ ಕೇಳಿಸುತ್ತಿತ್ತು.

ಹಾಲಮ್ಮನ ಮಗ್ಗಕ್ಕೆ ಮಾತ್ರ ಧೂಳು ಹಿಡಿದಿತ್ತು. ಕಳೆದ ವರ್ಷ ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಿದ ನೂಲನ್ನು, ನಾಳೆ ಮಗ್ಗಕ್ಕೆ ಏರಿಸಿದರಾಯಿತು ಎಂದು ಮೂಲೆಯಲ್ಲಿಟ್ಟಿದ್ದಳು. ಗಂಜಿಯ ರುಚಿಗೆ ಇಲಿಗಳು ಎಲ್ಲವನ್ನೂ ತುಂಡು ತುಂಡು ಮಾಡಿದ್ದವು. ಅದನ್ನು ತಿಪ್ಪೆಗೆ ಸುರಿದವಳು ಮತ್ತೆ ಮಗ್ಗ ಮುಟ್ಟಿರಲಿಲ್ಲ. ನಾಳೆ, ನಾಡಿದ್ದು, ಹಬ್ಬ ಮುಗಿಯಲಿ... ನೆಪಗಳಿಗೇನು ಬರವೇ?

"ಆಕಿಗ್ಯಾಕ ಕೊಡ್ತಿ? ನಾನ ನೇಯ್ತೀನಿ."

ನೋಡಿ, ಹೊಟ್ಟೆಯುರಿ ಎಂಥವರನ್ನು ಎಬ್ಬಿಸಿ ಕೂರಿಸಿತು!

ಅಂದೇ ಗಂಜಿ ಕಾಸಿದಳು. ನೂಲು ಒಣಗಿದ್ದೇ ತಡ, ಮಗ್ಗಕ್ಕೆ ಏರಿಸಿದಳು. ಮರೆತ ಕೈ, ಎಳೆಗಳು ಹರಿದು ಹರಿದು ಬಿದ್ದವು. ಅಳುತ್ತಲೇ ಗಂಟು ಹಾಕಿದಳು. ಲಾಳಿ ಎಸೆದಾಗಲೆಲ್ಲ ಪುಷ್ಪಲತಾಳ ಮುಖವೇ ಕಣ್ಣೆದುರು. 'ಇದರ ಮೇಲೆ ಅವಳು ಕೂರುತ್ತಾಳಲ್ಲ... ಕೂರಲಿ, ಚೆನ್ನಾಗಿ ಚುಚ್ಚಲಿ.'

ಅವನು ತಂದ ಚೀಲದ ತಳದಲ್ಲಿದ್ದ ಕೊನೆಯ ಉಂಡೆ ಬಿಚ್ಚಿದಾಗ ಕೈ ನಿಂತಿತು. ಗೇಣಿಗೊಂದು ಗಂಟು. ತುಂಡುಗಳ ಮೇಲೆ ಹಳೆಯ ಗಂಜಿ. ತಾನೇ ತಿಪ್ಪೆಗೆ ಸುರಿದಿದ್ದ ನೂಲು! ಗಂಟಂತೂ ನೇಯುವವರದಲ್ಲ, ಕುರಿಮರಿ ಕಟ್ಟುವ ದಪ್ಪ ಗಂಟು.

ಉಂಡೆ ಹಿಡಿದು ಸೀದಾ ದೊಡ್ಡಿಗೆ ಹೋದಳು.

"ಮಾವ, ಇದನ್ನ ಯಾರು ಕಟ್ಟಿದ್ದು?"

ಬೀರಲಿಂಗೇಶ್ ತಲೆ ಕೆರೆದುಕೊಂಡ. "ನಾನ. ನೂಲು ಕೂಡ್ಸೋದು ಕಲಿಯಾಕ ಪುಷ್ಪಲತಾನ ಹತ್ರ ಹೋಗ್ತಿದ್ದೆ. ಆಕಿ ಹಾಕೋ ಗಂಟು ನನಗ ಬರಲೇ ಇಲ್ಲ. ನನ್ನ ಗಂಟು ನೋಡಿ ದಿನಾ ನಗತಿದ್ಲು."

"ಮತ್ತ ಕಂಬಳಿ ಆಕಿಗೆ ಕೊಡ್ತೀನಿ ಅಂದಿ?"

"ಹಂಗ ಅನ್ನದಿದ್ರ ನೀ ಮಗ್ಗಕ್ಕ ಕೂಡತಿದ್ದೇನು? ನಿನ್ನ ನೂಲು ತಿಪ್ಪ್ಯಾಗ ಬಿದ್ದಿದ್ದು ನನಗ ನೋಡಾಕ ಆಗ್ಲಿಲ್ಲ, ಆರಿಸಿಕೊಂಡು ಬಂದೆ, ಹಾಲಮ್ಮ."

ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ಪುಷ್ಪಲತಾಳನ್ನು ಬೈದುಕೊಂಡಿದ್ದೆಲ್ಲ ನೆನಪಾಗಿ ನಾಚಿಕೆಯೂ ಆಯಿತು.

"ಗದ್ದಿಗಿ ಮ್ಯಾಲೆ ನಿನ್ನ ಮಗ್ಗಲಾಗ ಕೂಡೋದು ಯಾರು, ಮಾವ?"

"ನೇಯ್ದಾಕಿ. ನೀ ಹೂಂ ಅಂದ್ರ, ನಾಳೆ ಅವ್ವನ್ನ ಕರಕೊಂಡು ಕೇಳಾಕ ಬರತೀನಿ."

ಹಾಲಮ್ಮ ಅವನ ಕೈ ಹಿಡಿದಳು.

"ನಾಳೆ ಬ್ಯಾಡ ಮಾವ, ಇವತ್ತ ಬರ್ರಿ. ನೀವು ಬರೋದ್ರಾಗ ಉಳಿದಿದ್ದನ್ನ ನೇಯ್ದು ಮುಗಸಿರ್ತೀನಿ."