ಮಲ್ಲಿಕಸಾಬರು ಸೇರಿಸಿದ ಸಾಲು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ೧೯೯೩ರಲ್ಲಿ ನಾನು ಬ್ಯಾಡಗಿ ಹತ್ತಿರದ ಒಂದು ಮೆಣಸಿನಕಾಯಿ ಸಂಶೋಧನಾ ಕೇಂದ್ರದಲ್ಲಿದ್ದೆ. ಅಲ್ಲಿದ್ದ ಅಷ್ಟೂ ಜನಕ್ಕೆ ಇದ್ದದ್ದು ಒಂದೇ ಯುನಿಕ್ಸ್ ಕಂಪ್ಯೂಟರು, ಅದಕ್ಕೆ ಪರದೆ, ಕೀಬೋರ್ಡು ಇರುವ ಆರು ಟರ್ಮಿನಲ್. ಲಾಗಿನ್ ಆದಾಗ ತಾನಾಗಿ ಓಡುವ ಆಜ್ಞೆಗಳ ಪಟ್ಟಿ, ಅಂದರೆ ಸ್ಕ್ರಿಪ್ಟು, ಒಬ್ಬೊಬ್ಬರದು ಒಂದೊಂದು ಥರ, ದಿನಾ ಗೊಂದಲ. ಎಲ್ಲರಿಗೂ ಒಂದೇ ಸ್ಕ್ರಿಪ್ಟು ಬರೆಯುವ ಕೆಲಸ ನನ್ನ ಸಹೋದ್ಯೋಗಿ ಮಲ್ಲಿಕಸಾಬರಿಗೂ ನನಗೂ ಬಿತ್ತು.

ನಾನು ಊಟ ಮರೆಯುತ್ತೇನೆಂದು ಅವರು ನನ್ನ ಸ್ಕ್ರಿಪ್ಟಿಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದರು: "ನಲಿನಿಬಾಯಾರ, ಊಟ ಆತೇನ್ರಿ?" ಲಾಗಿನ್ ಆಗಿ ಅದು ಪರದೆಯ ಮೇಲೆ ಮೂಡಿದಾಗಲೆಲ್ಲ ನಾನು ಎದುರು ಕೂತ ಅವರಿಗೆ "ಆತ್ರಿ" ಎಂದು ಸುಳ್ಳು ಹೇಳುತ್ತಿದ್ದೆ.

"ಖರೇ ಹೇಳ್ರಿ," ಎಂದು ನಗುತ್ತಿದ್ದರು.

ಆ ಮಳೆಗಾಲದಲ್ಲಿ ಅವರು ಜ್ವರದಿಂದ ತೀರಿಕೊಂಡರು. ಉಳಿದ ಕೆಲಸ ನಾನೇ ಮುಗಿಸಿದೆ. ಎಲ್ಲರಿಗೂ ಒಂದೇ ಎಂಬ ನಿಯಮ ಮಾಡಿದವಳೇ ನಾನು, ನನಗೊಬ್ಬಳಿಗೆ ವಿನಾಯಿತಿ ಹೇಗೆ? ಎಲ್ಲರ ಹಳೆಯ ಸಾಲುಗಳ ಜೊತೆ ಅವರ ಆ ಸಾಲನ್ನೂ ಅಳಿಸಿದೆ.

ಮರುದಿನ ಮಧ್ಯಾಹ್ನ ಅವರ ಟರ್ಮಿನಲ್ಲಿನ ಮುಂದೆ ಕೂತೆ. ಕುರ್ಚಿ ಬೆಚ್ಚಗಿತ್ತು. ಮೆಣಸಿನಕಾಯಿ ಮುಟ್ಟಿದ ಕೈಯಲ್ಲೇ ಟೈಪು ಮಾಡುವುದು ಅವರ ರೂಢಿಯಾಗಿತ್ತು. ಬೆಳಿಗ್ಗೆಯಷ್ಟೇ ನಾನು ಒರೆಸಿದ್ದ ಕೀಬೋರ್ಡಿನ ಮೇಲೆ ಈಗ ಕೆಂಪು ಪುಡಿ ಇತ್ತು. ನನ್ನ ಹೆಸರಿನಲ್ಲೇ ಲಾಗಿನ್ ಆದೆ. ಆ ಸಾಲು ಬಂತು.

ಕಂಪ್ಯೂಟರು ನೋಡಿಕೊಳ್ಳುವ ಚನ್ನಬಸಪ್ಪ ಬಂದು ಆ ಸಾಲಿಗಾಗಿ ಎಲ್ಲ ಕಡೆ ಹುಡುಕಿದರು. "ಎಲ್ಲೂ ಇಲ್ರೀ ಬಾಯಾರ, ನೀವ ಅಳಿಸೀರಲ್ಲ," ಎಂದು ಹೊರಟುಹೋದರು.

ಒಬ್ಬಳೇ ಕೂತು "ಆತ್ರಿ" ಎಂದು ಟೈಪು ಮಾಡಿದೆ. ಅಂಥ ಆಜ್ಞೆಯೇ ಇಲ್ಲ ಎಂದು ಕಂಪ್ಯೂಟರು ಹೇಳಬೇಕಿತ್ತು.

"ಖರೇ ಹೇಳ್ರಿ," ಎಂದಿತು.

ನಾನು ಬುತ್ತಿ ಇನ್ನೂ ಬಿಚ್ಚಿರಲಿಲ್ಲ.