ಪರದೆಯ ಹಿಂದಿನ ಮೈಕು

ಅರ್ಲೀನ್‌ಳ ಮಣಿಕಟ್ಟು ಹಿಡಿದು ಅಲೊಂಜೊ ಅವಳನ್ನು ವೇದಿಕೆಯ ಪಕ್ಕದ ಕತ್ತಲೆಗೆ ಎಳೆದುಕೊಂಡ. ಆಚೆ ಥಿಯೇಟರಿನ ಜನ ಹಾಡುತ್ತಿದ್ದ ಯಾರನ್ನೋ ಕೂಗಿ ವೇದಿಕೆಯಿಂದ ಓಡಿಸುತ್ತಿದ್ದರು.

"ಕೇಳಿಸ್ತಾ? ಅರ್ಧ ಹಾಡೂ ಹಾಡೋಕೆ ಬಿಡಲಿಲ್ಲ. ಮುಂದೆ ನಾವೇ."

"ಕೈ ಬಿಡೋ. ಐಸ್ ಥರ ಇದೆ."

ಅವನು ಬಿಡಲಿಲ್ಲ. ಅವನ ನೀಲಿ ಕೋಟಿನ ಕಾಲರು ಬೆವರಿಗೆ ಮುದುಡಿತ್ತು. ಅವಳು ಇನ್ನೊಂದು ಕೈಯಿಂದ ಅದನ್ನು ಸರಿಮಾಡಿದಳು. ಬೆರಳು ಕುತ್ತಿಗೆಗೆ ತಾಕಿತು. ಇಬ್ಬರೂ ಬೇರೆಲ್ಲೋ ನೋಡಿದರು.

ಆ ಬೇಸಿಗೆ ಹಾರ್ಲೆಮ್‌ನಲ್ಲಿ ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್‌ಗಳಲ್ಲೆಲ್ಲ ಅಲೊಂಜೊನ ಹಾಡುಗುಂಪು ವೆಲ್ಟನ್ಸ್ ಹುಡುಗರ ಒಂದೇ ರೆಕಾರ್ಡು. ಕೊನೆಯಲ್ಲಿ ಮುಗಿಲಿಗೇರುವ ದನಿ ಅಲೊಂಜೊನದು ಎಂದು ಎಲ್ಲರೂ ನಂಬಿದ್ದರು. ಸ್ಟುಡಿಯೋದಲ್ಲಿ ಆ ಸ್ವರಕ್ಕೆ ಅವನ ದನಿ ಒಡೆದಿತ್ತು. ಗುಂಪಿನಲ್ಲಿದ್ದ ಅಣ್ಣನಿಗೆ ಊಟ ತಂದಿದ್ದ ಅರ್ಲೀನ್, ದನಿ ಗುಂಯ್‌ಗುಡಲೆಂದು ಹುಡುಗರು ಮೆಟ್ಟಿಲ ಕೆಳಗೆ ಅಭ್ಯಾಸ ಮಾಡುವಾಗ ತಾನು ಮಾಡುತ್ತಿದ್ದಂತೆಯೇ, ಅವನ ಭುಜದ ಹಿಂದಿನಿಂದ ಸ್ವರ ಎತ್ತಿಕೊಂಡಿದ್ದಳು. ಇದ್ದದ್ದು ಒಂದೇ ಮೈಕು. ರೆಕಾರ್ಡಿನ ಲೇಬಲ್ಲಿನ ಮೇಲೆ ಹುಡುಗರ ಹೆಸರಷ್ಟೇ ಬಿತ್ತು.

"ಈ ಪರದೆ ಹಿಂದೆ ನಿನಗೆ ಅಂತ ಇನ್ನೊಂದು ಮೈಕ್ ಇಡಿಸಿದ್ದೀನಿ. ಆ ಸ್ವರ ನೀನೇ ಎತ್ತು."

"ಅಪ್ಪ ಚರ್ಚಲ್ಲಿ ಡೀಕನ್, ಇಂಥ ಹಾಡು ಪಾಪ ಅನ್ನೋ ಹಿರಿಯ, ಮರೆತ್ಯಾ? ಇಲ್ಲಿಗೆ ಬಂದಿದ್ದು ಗೊತ್ತಾದರೇ ಮನೆಯಿಂದ ಹೊರಗೆ."

"ಅದಕ್ಕೇ ಪರದೆ. ಯಾರಿಗೂ ಕಾಣಲ್ಲ."

"ನಿನಗೆ?"

ಅವನು ಅವಳ ಮಣಿಕಟ್ಟನ್ನು ಇನ್ನೂ ಬಿಗಿಹಿಡಿದ. "ನನಗೆ ನಿನ್ನ ಬಿಟ್ಟು ಬೇರೇನೂ ಕಾಣಲ್ಲ ಕಣೆ. ಈ ಶೋ ಮುಗೀಲಿ, ಮದುವೆ ಆಗೋಣ."

ಇಡೀ ಬೇಸಿಗೆ ಅವಳು ಕಾದಿದ್ದ ಮಾತು. ಅದು ಇಷ್ಟು ಹೆದರಿದ ಬಾಯಿಂದ ಬರುತ್ತದೆಂದು ಅಂದುಕೊಂಡಿರಲಿಲ್ಲ.

"ಕೇಳ್ತಿರೋದು ನನ್ನನ್ನಾ, ಆ ಸ್ವರಾನಾ?"

"ಎರಡನ್ನೂ. ತಮಾಷೆ ಬೇಡ ಅರ್ಲೀನ್. ಸ್ವರ ಒಡೆದ್ರೆ ಈ ಜನ ನನ್ನ ಹಾಡೋಕೇ ಬಿಡಲ್ಲ, ಇವತ್ತಿಗಷ್ಟೇ ಅಲ್ಲ."

"ನನಗೂ ಭಯಾನೇ. ಅಪ್ಪನಿಗೆ ಗೊತ್ತಾದ್ರೆ ಆಗಲಿ. ಪರದೆ ಹಿಂದೆ ಅಲ್ಲ, ನಿನ್ನ ಪಕ್ಕ ನಿಲ್ಲಿಸ್ಕೋ, ಹಾಡ್ತೀನಿ."

"ರೆಕಾರ್ಡ್ ಸುಳ್ಳು ಅಂತಾರೆ."

"ಸುಳ್ಳೇ ತಾನೆ."

ವೆಲ್ಟನ್ಸ್ ಎಂದು ಯಾರೋ ಕೂಗಿ ಕರೆದರು. ಅವಳ ಅಣ್ಣ ಮತ್ತು ಗುಂಪಿನ ಇನ್ನಿಬ್ಬರು ಆಗಲೇ ಬೆಳಕಿಗೆ ನಡೆದಿದ್ದರು. ಅಲೊಂಜೊ ಪರದೆಯ ಹಿಂದಿನ ಮೈಕನ್ನು ಅವಳ ಎತ್ತರಕ್ಕೆ ಇಳಿಸಿ, ಅವಳ ಮುಂದೆ ತಳ್ಳಿ, ಕಣ್ಣಲ್ಲೇ ಬೇಡಿದ.

ಅವಳು ಅವನ ಒದ್ದೆ ಕೆನ್ನೆಯ ಮೇಲೆ ಕೈಯಿಟ್ಟಳು.

"ಇಲ್ಲಿ ನಿಂತು ಹಾಡಲ್ಲ," ಅಂದಳು.